ಪಂಕ್ತಿಯ ಹೊರಗಿನ ತಟ್ಟೆ

ಪರಮಶಿವಯ್ಯ ನಡುಮಧ್ಯಾಹ್ನ ಮನೆಗೆ ಬಂದದ್ದು ನೋಡಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡಳು ಗೌರಮ್ಮ. ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆದಮೇಲೆ ಮೈ ಕೆಂಡದಂತೆ ಸುಡುತ್ತಿದ್ದಾಗಲೂ ಸಂಜೆಗೆ ಮುಂಚೆ ಕುರ್ಚಿ ಬಿಟ್ಟವರಲ್ಲ ಆ ಮನುಷ್ಯ. ಅವಳು ನಡುಮನೆಯಲ್ಲಿ ಕೂತು ಮೊರದಲ್ಲಿ ರೇಷನ್ ಗೋಧಿಯ ಕಲ್ಲು ಆರಿಸುತ್ತಿದ್ದಳು. ಗಂಡ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. ಮೂಲೆಯಲ್ಲಿ ಗೋಡೆಗೆ ಒರಗಿದ್ದ ಅತ್ತೆ ಬಸವಲಿಂಗಮ್ಮ, "ಪರಮೇಶಿ, ಕಾಲು ನೋಡ್ಕೋ" ಎಂದರು. ಮಗ ಕೇಳಿಸಿಕೊಳ್ಳಲಿಲ್ಲ.

"ಎಲ್ಲಿ ನಿನ್ ಮಗಳು?"

"ಕಾಲೇಜಲ್ಲಿ. ನೀವಿರೋ ಕಾಲೇಜಲ್ಲೇ ಅಲ್ವಾ ಅವಳು ಓದೋದು? ನನ್ನ ಕೇಳ್ತೀರಲ್ಲ."

"ಓದೋದು!" ಕೈಯಲ್ಲಿದ್ದ ಪೇಪರನ್ನು ಮೊರದ ಮೇಲೆ ಬಿಸಾಕಿದರು. ಗೋಧಿ ಚೆಲ್ಲಿತು. "ಓದೋ ಹುಡುಗಿ ಬೆಂಚು ಹತ್ತಿ ನಿಂತ್ಕೊಂಡು ಜನ ಸೇರಿಸ್ತಾಳಾ? ಊರಿಗೆಲ್ಲ ಗೊತ್ತಾಗಿದೆ. ಹೆಸರೊಂದು ಹಾಕಿಲ್ಲ, ಪುಣ್ಯ."

ಅರವತ್ತೇಳರ ಜನವರಿ ಅದು. ಚುನಾವಣೆ ಎದುರಿಗಿತ್ತು, ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಯಾವುದೂ ಎದುರಿಗಿರಲಿಲ್ಲ. ಕಾಲೇಜಿನ ಹುಡುಗರು ಬೋರಣ್ಣ ಎಂಬ ಗಿರಣಿ ಕಾರ್ಮಿಕರ ಮುಖಂಡನನ್ನು ರೇಷನ್ನಿನ ವಿಚಾರ ಮಾತಾಡಲು ಕರೆದಿದ್ದರು. ಸಭಾಂಗಣ ಕೊಡುತ್ತೇನೆ ಎಂದಿದ್ದ ಪ್ರಿನ್ಸಿಪಾಲರು ಮೇಲಿನಿಂದ ಯಾರದೋ ಫೋನು ಬಂದ ಕೂಡಲೆ ಬಾಗಿಲಿಗೆ ಬೀಗ ಹಾಕಿಸಿಬಿಟ್ಟರು. ಬೋರಣ್ಣ ಅಷ್ಟು ದೂರದಿಂದ ಸೈಕಲ್ಲು ತುಳಿದುಕೊಂಡು ಬಂದು ಗೇಟಿನಲ್ಲಿ ನಿಂತಿದ್ದಾನೆ, ಕರೆದ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಆಗ ಪರಮಶಿವಯ್ಯನವರ ಒಬ್ಬಳೇ ಮಗಳು, ಬಿ.ಎ. ಕೊನೆಯ ವರ್ಷದ ಜಯಶೀಲಾ, ಆತನನ್ನು ಒಳಗೆ ಕರೆದುಕೊಂಡು ಹೋಗಿ ಮರದ ಕೆಳಗೆ ನಿಲ್ಲಿಸಿ, ತಾನೊಂದು ಬೆಂಚು ಹತ್ತಿ, "ಬೀಗ ಹಾಲಿಗೆ ಹಾಕಿದಾರೆ, ನಮ್ಮ ಕಿವಿಗೆ ಹಾಕಿಲ್ಲ. ಬನ್ನಿ" ಎಂದು ಕೂಗಿದಳು. ಅವಳ ಭಾಷಣ ಇಷ್ಟೇ.

ಮಾರನೆಯ ದಿನದಿಂದ ಪೇಪರಿನಲ್ಲಿ ಅದೇ ಸುದ್ದಿ. ವಿಶ್ವವಿದ್ಯಾಲಯಗಳಿರುವುದು ಓದಿಗೋ ಬಾವುಟಕ್ಕೋ ಎಂದು ಒಬ್ಬರು ಬರೆದರೆ, ಓದಿದವರು ಮಾತಾಡದೆ ಇನ್ಯಾರು ಮಾತಾಡಬೇಕು ಎಂದು ಇನ್ನೊಬ್ಬರು. ಚುನಾವಣೆಗೆ ನಿಂತವನೊಬ್ಬ ಸಭೆಯಲ್ಲಿ ಎತ್ತಿ ಆಡಿದ. ವಿಶ್ವವಿದ್ಯಾಲಯದವರು ಪ್ರಿನ್ಸಿಪಾಲರನ್ನು ಕರೆಸಿ ವಿಚಾರಿಸಿದರು. ಪ್ರಿನ್ಸಿಪಾಲರಿಗೆ ಈಗ ತಮ್ಮ ತಲೆ ಉಳಿಸಿಕೊಳ್ಳಲು ಬೇರೊಂದು ತಲೆ ಬೇಕಾಗಿತ್ತು.

"ಅದೇ ಹಾಲಲ್ಲಿ, ಎಲ್ಲಾ ಹುಡುಗರ ಮುಂದೆ ನಿಂತು ತಪ್ಪಾಯ್ತು ಅನ್ನಬೇಕಂತೆ" ಎಂದರು ಪರಮಶಿವಯ್ಯ. "ಇಲ್ದಿದ್ರೆ ಹಾಲ್ ಟಿಕೆಟ್ ಕೊಡಲ್ವಂತೆ."

"ಅದು ಕೊಡದಿದ್ರೆ ಏನಾಗುತ್ತೋ?" ಬಸವಲಿಂಗಮ್ಮ ಕೇಳಿದರು.

"ಪರೀಕ್ಷೆ ಇಲ್ಲ ಅವ್ವಾ. ಇಷ್ಟು ವರ್ಷ ಓದಿದ್ದೆಲ್ಲ ನೀರುಪಾಲು."

ಗೌರಮ್ಮನನ್ನು ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದ್ದರು. ಮಗಳನ್ನು ಕಾಲೇಜಿಗೆ ಸೇರಿಸಬೇಕು ಎಂದು ಇದೇ ಮನೆಯಲ್ಲಿ ಉಪವಾಸ ಕೂತು, ಅತ್ತೆಯ ಹತ್ತಿರ ಬೈಸಿಕೊಂಡು, ಗಂಡನ ಬೆನ್ನು ಬಿದ್ದು ಸಾಧಿಸಿದವಳು ಅವಳು. ಈ ಹುಡುಗಿ ಬೆಂಚು ಹತ್ತಿ ಅದನ್ನೆಲ್ಲ ಮಣ್ಣುಪಾಲು ಮಾಡಿ ಬಂದಿದ್ದಾಳೆ.

ಸಂಜೆ ಜಯಶೀಲಾ ಬಂದು ಸೈಕಲ್ ರಿಪೇರಿ ಅಂಗಡಿಯ ಮುಂದೆ ಬಸ್ಸು ಕೆಟ್ಟು ನಿಂತ ಕಥೆ ಹೇಳುತ್ತಾ ಪುಸ್ತಕ ಇಟ್ಟಳೋ ಇಲ್ಲವೋ, ಗೌರಮ್ಮ ಅವಳ ಜಡೆ ಹಿಡಿದುಕೊಂಡಳು.

"ಬೆಂಚು ಹತ್ತುತೀಯಾ? ಹತ್ತುತೀಯಾ ಬೆಂಚು? ಅದಕ್ಕೇನಾ ನಿನ್ನ ಕಳಿಸಿದ್ದು?"

"ಅಮ್ಮ, ಬಿಡು. ನೋಯುತ್ತೆ."

"ನೋಯಲಿ. ನಾಳೆ ಹೋಗಿ ತಪ್ಪಾಯ್ತು ಅಂದು ಬಾ."

"ಅನ್ನಲ್ಲ."

"ಏನಂದೆ?" ಪರಮಶಿವಯ್ಯ ಎದ್ದು ನಿಂತರು.

"ಕರೆದವರನ್ನ ಗೇಟಲ್ಲಿ ನಿಲ್ಲಿಸಿದ್ದು ಅವರು. ತಪ್ಪಾಯ್ತು ಅನ್ನಬೇಕಾದ್ದೂ ಅವರೇ, ಅಪ್ಪಾಜಿ."

ಆ ಮನೆಯಲ್ಲಿ ಒಂದು ಪದ್ಧತಿ. ಸಂಜೆ ಎಲ್ಲರೂ ಲಿಂಗಪೂಜೆ ಮುಗಿಸಿದ ಮೇಲೆ ನಡುಮನೆಯಲ್ಲಿ ಒಂದೇ ಸಾಲಿಗೆ ತಟ್ಟೆ. ಕೊನೆಯವರಿಗೆ ಬಡಿಸುವ ತನಕ ಮೊದಲಿನವರು ಕೈ ಹಾಕುವಂತಿಲ್ಲ, ಕೊನೆಯವರು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಒಂದಗುಳೂ ಬಿಡದೆ ಉಂಡು, ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು, ಏಕೆಂದರೆ ಅದು ಬರೀ ಅನ್ನವಲ್ಲ, ಪ್ರಸಾದ. ಗೌರಮ್ಮನ ಮಾವ ಬದುಕಿದ್ದಾಗ ಕೂಲಿಗೆ ಬಂದವನನ್ನೂ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣುತ್ತಿದ್ದರು. ಪಂಕ್ತಿಭೇದ ಎಂಬ ಮಾತನ್ನು ಆ ಮನೆಯಲ್ಲಿ ಬೈಗುಳದ ಹಾಗೆ ಬಳಸುತ್ತಿದ್ದರು.

ಆವತ್ತು ಪರಮಶಿವಯ್ಯ ಹಣೆಗೆ ವಿಭೂತಿ ಧರಿಸಿ ಬಂದು ತಟ್ಟೆಯ ಮುಂದೆ ಕೂತು ಹೇಳಿದರು: "ತಪ್ಪಾಯ್ತು ಅನ್ನೋ ತನಕ ಇವಳು ನನ್ನ ಪಂಕ್ತಿಲಿ ಕೂರಕೂಡದು."

"ಪರಮೇಶಿ!" ಬಸವಲಿಂಗಮ್ಮ ಗದರಿದರು. "ಯಾರ ಮನೇಲಿ ಕೂತು ಯಾವ ಮಾತು ಆಡ್ತಿದೀಯೋ?"

"ನೀನು ಸುಮ್ನಿರವ್ವಾ. ಈ ಮನೆಗೆ ಅನ್ನ ತರೋನು ನಾನು."

ಜಯಶೀಲಾಳ ತಟ್ಟೆಯನ್ನು ಎತ್ತಿದವಳು ಗೌರಮ್ಮನೇ. ಎತ್ತಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲ ಒರಳುಕಲ್ಲಿನ ಪಕ್ಕ ಠಣ್ಣೆಂದು ಕುಕ್ಕಿದಳು.

"ಉಣ್ಣು ಇಲ್ಲಿ. ನಿನ್ನ ಬೋರಣ್ಣ ಬಂದು ಬಡಿಸ್ತಾನೇನೋ ನೋಡು."

ಹುಡುಗಿ ಅಳಲಿಲ್ಲ. ಒರಳಿಗೆ ಬೆನ್ನು ಕೊಟ್ಟು ಕೂತು ಮುದ್ದೆ ಮುರಿದು ಉಂಡಳು, ತಟ್ಟೆ ತೊಳೆದು ಕುಡಿದಳು. ಅದು ಗೌರಮ್ಮನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಹೀಗೇ ವಾರಗಳು ಕಳೆದವು. ಎದುರುಮನೆಯ ಜಯದೇವಪ್ಪ ದಿನಾ ಸಂಜೆ ಪೇಪರು ಹಿಡಿದು ಬರುತ್ತಿದ್ದರು, ನೆರೆಮನೆಯ ಗಾಯದ ಮೇಲೆ ಉಪ್ಪು ಸವರುವುದು ತಮ್ಮ ಕರ್ತವ್ಯ ಎಂಬಂತೆ. ಜಗಲಿಯ ಮೇಲೆ ಕೂತು, ಒಳಗಿನವರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದುತ್ತಿದ್ದರು.

"ಕೇಳಿ ಪರಮಶಿವಯ್ಯನವರೇ, ಎಷ್ಟು ಚೆನ್ನಾಗಿ ಬರೆದಿದಾರೆ. 'ವಿದ್ಯಾರ್ಥಿಗಳಿಗೇಕೆ ರಾಜಕೀಯ? ಹೆತ್ತವರ ಹೊಟ್ಟೆಯ ಉರಿ ಈ ಭಾಷಣಕಾರರಿಗೆ ತಿಳಿದೀತೇ? ಇಂತಿ, ಒಬ್ಬ ನೊಂದ ಪೋಷಕ.'"

ಜಯಶೀಲಾ ಕಿಟಕಿಯಿಂದ ಇಣುಕಿದಳು. "ಅದು ಬರೆದದ್ದು ನೀವೇ ಅಲ್ವಾ ಮಾವ?"

ಜಯದೇವಪ್ಪ ಕೆಮ್ಮಿದರು. ಅವರಿಗೆ ಮಕ್ಕಳಿರಲಿಲ್ಲ.

"ಒಳಗೆ ಹೋಗೇ!" ಎಂದು ಪರಮಶಿವಯ್ಯ ಗದರಿಸಿದರು. ಗೌರಮ್ಮನಿಗೆ ಒಲೆಯ ಮುಂದೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟೂ ಬಂತು.

ಚುನಾವಣೆ ಮುಗಿದ ವಾರ, ಗುಡ್ಡದ ಕೆಳಗಿನ ರೇಷನ್ ಡಿಪೋಗೆ ಅಕ್ಕಿ ಬಂದಿದೆ ಎಂಬ ಸುದ್ದಿ ಹಬ್ಬಿ, ಗೌರಮ್ಮ ಚೀಲ ಹಿಡಿದು ಸಾಲಿನಲ್ಲಿ ನಿಂತಳು. ಬಿಸಿಲು ನೆತ್ತಿಗೆ ಬಂದಿತ್ತು. ಮುಂದೆ ನಿಂತಿದ್ದ ಸೀತಾಲಕ್ಷ್ಮಿ ತಿರುಗಿ ನೋಡಿ ನಕ್ಕಳು. ಅವಳ ಮಗ ಸೀನು ಜಯಶೀಲಾಳ ಸಹಪಾಠಿ. ಬೋರಣ್ಣನನ್ನು ಕರೆದವನೂ ಸಭಾಂಗಣಕ್ಕಾಗಿ ಪ್ರಿನ್ಸಿಪಾಲರನ್ನು ಕೇಳಿದವನೂ ಅವನೇ.

"ನಿಮ್ಮ ಸೀನು ಏನ್ಮಾಡಿದ?" ಗೌರಮ್ಮ ಕೇಳಿದಳು. "ಹಾಲಲ್ಲಿ ನಿಂತು ಹೇಳಿದ್ನಾ?"

"ಯಾಕೆ ಹೇಳ್ಬೇಕು ಗೌರಮ್ಮ? ನಮ್ಮ ಭಾವನವರಿಗೆ ಆ ಪ್ರಿನ್ಸಿಪಾಲರು ಚೆನ್ನಾಗಿ ಗೊತ್ತು. ಒಂದ್ಸಲ ಹೋಗಿ ಕಾಫಿ ಕುಡಿದು ಬಂದ್ರು, ಮುಗೀತು. ಗಂಡು ಹುಡುಗರು, ಬಿಸಿ ರಕ್ತ ಅಂತ ಅವರೇ ನಕ್ಕರಂತೆ. ಸೀನುಗೆ ಹಾಲ್ ಟಿಕೆಟ್ ಕೊಡ್ತಾರೆ." ಅವಳು ಗೌರಮ್ಮನ ಕೈ ಮುಟ್ಟಿದಳು, ನಿಜವಾದ ಮರುಕದಿಂದಲೇ. "ಬೆಂಚು ಹತ್ತಿದ ಹುಡುಗಿ ಯಾರು ಅಂತ ಆಫೀಸಲ್ಲಿ ಕೇಳಿದಾಗ ಜವಾನರೂ ಬಾಯಿ ಬಿಡಲಿಲ್ಲವಂತೆ. ನಿಮ್ಮೆಜಮಾನ್ರೇ ಮುಂದೆ ಬಂದು 'ನನ್ನ ಮಗಳು ಸಾರ್' ಅಂದ್ರಂತಲ್ಲ. ಎಂಥ ಸತ್ಯವಂತರು ಗೌರಮ್ಮ! ನಮ್ಮನೇಲಿ ದಿನಾ ಅದೇ ಮಾತು."

ಗೌರಮ್ಮನ ಕೈಯಿಂದ ಚೀಲ ಜಾರಿತು. ಸಾಲು ಮುಂದಕ್ಕೆ ಹೋದರೂ ಅವಳು ಅಲ್ಲೇ ನಿಂತಿದ್ದಳು.

ಮುಂದೆ ಡಿಪೋದ ಬಾಗಿಲಲ್ಲಿ ಗಲಾಟೆ. ತೆಳ್ಳಗಿನ ಮನುಷ್ಯನೊಬ್ಬ, ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು, ತಕ್ಕಡಿಯ ತಟ್ಟೆಯನ್ನು ಎತ್ತಿ ಹಿಡಿದು ತೋರಿಸುತ್ತಿದ್ದ. "ಇದರಡಿಗೆ ಹುಣಸೆಹಣ್ಣು ಅಂಟಿಸಿದೀಯಲ್ಲ, ಯಾರಪ್ಪನ ಮನೆ ಅಕ್ಕಿ ಇದು? ಕಿತ್ತು ಹಾಕು. ತಾಯಂದಿರೇ, ಮೊದಲಿಂದ ತೂಗಿಸ್ಕೊಳ್ಳಿ." ಡಿಪೋದವನು ಗೊಣಗುತ್ತಾ ಕಿತ್ತು ಹಾಕಿದ. "ಇವರೇ ಆ ಬೋರಣ್ಣ" ಎಂದಳು ಸೀತಾಲಕ್ಷ್ಮಿ. ಗೌರಮ್ಮ ದಿಟ್ಟಿಸಿ ನೋಡಿದಳು. ಇಷ್ಟು ದಿನ ತನ್ನ ಮನೆ ಒಡೆದ ರಾಕ್ಷಸ ಎಂದುಕೊಂಡಿದ್ದ ಮನುಷ್ಯನ ಕೊರಳಪಟ್ಟಿ ಹರಿದಿತ್ತು. ಅವಳ ಚೀಲಕ್ಕೆ ಆವತ್ತು ಎಂದಿಗಿಂತ ಒಂದು ಬೊಗಸೆ ಅಕ್ಕಿ ಹೆಚ್ಚೇ ಬಿತ್ತು.

ಗಂಡ ಬರುವುದನ್ನೇ ಕಾದಿದ್ದಳು. ಕೋಟು ಬಿಚ್ಚುವುದಕ್ಕೂ ಬಿಡಲಿಲ್ಲ.

"ಹೆಸರು ಹೇಳಿದ್ದು ಯಾರು?"

"ಯಾವ ಹೆಸರು?"

"ನನ್ನ ಮಗಳ ಹೆಸರು."

ಪರಮಶಿವಯ್ಯ ಕೋಟಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡು ನಿಂತರು. "ಅವರು ಕೇಳಿದ್ರು. ಎಲ್ಲರೂ ಎದ್ದು ನಿಂತಿದ್ವಿ. ಎದುರಿಗೆ ನಿಂತು ಗೊತ್ತಿಲ್ಲ ಅನ್ನೋಕಾಗುತ್ತಾ? ಹಣೆ ತುಂಬ ವಿಭೂತಿ ಇಟ್ಕೊಂಡು ಸುಳ್ಳು ಹೇಳಲಾ?"

"ಸೀನು ಹೆಸರು ಯಾಕೆ ಹೇಳಲಿಲ್ಲ? ಅಲ್ಲಿ ನಿಂತು ಚಪ್ಪಾಳೆ ತಟ್ಟಿದ ಮಿಕ್ಕವರದ್ದು?"

"ಇನ್ನೊಬ್ಬರ ಮಕ್ಕಳ ಹೆಸರು ಹೇಳೋದು ಚಾಡಿ ಆಗುತ್ತೆ ಗೌರಿ."

"ಓಹೋ! ಬೇರೆಯವರ ಮಕ್ಕಳ ಹೆಸರು ಹೇಳಿದ್ರೆ ಚಾಡಿ, ಸ್ವಂತ ಮಗಳ ಹೆಸರು ಹೇಳಿದ್ರೆ ಸತ್ಯ. ಭೇಷ್! ಜವಾನನಿಗೆ ಇದ್ದ ಕರುಳು ಹೆಡ್ ಕ್ಲಾರ್ಕಿಗೆ ಇಲ್ಲದೆ ಹೋಯ್ತಲ್ಲ."

"ನಾನೇ ಬಾಯಿ ಬಿಟ್ಟು ಒಪ್ಕೊಂಡ್ರೆ ಅವರೂ ಮೆತ್ತಗಾಗ್ತಾರೆ ಅನ್ಕೊಂಡೆ. ನನ್ನ ಮುಖ ನೋಡಿ ಬಿಡ್ತಾರೆ ಅನ್ಕೊಂಡೆ."

"ನಿಮ್ಮ ಮುಖ ನೋಡೇ ಹಿಡ್ಕೊಂಡಿರೋದು! ಭಾವ ಬಂದು ಕೇಳೋ ಹುಡುಗನ್ನ ಬಿಟ್ರು. ಕೈ ಕಟ್ಕೊಂಡು ನಿಲ್ಲೋನ ಮಗಳನ್ನ ಹಿಡ್ಕೊಂಡ್ರು. ಇಷ್ಟು ವರ್ಷ ಆಫೀಸಲ್ಲಿದ್ದು ಇಷ್ಟು ಗೊತ್ತಾಗಲಿಲ್ವಾ ನಿಮಗೆ?"

ಹೇಳುತ್ತಾ ಹೇಳುತ್ತಾ ಅವಳಿಗೆ ತಾನು ಕುಕ್ಕಿದ ತಟ್ಟೆಯ ಸದ್ದು ನೆನಪಾಯಿತು. ಗಂಡನ ಮೇಲಿನ ಸಿಟ್ಟಿನಷ್ಟೇ ತನ್ನ ಮೇಲೂ ಬಂತು. ಸಂಜೆ ನಡುಮನೆಯಲ್ಲಿ ಗಂಡನಿಗೂ ಅತ್ತೆಗೂ ಬಡಿಸಿ, ತನ್ನ ತಟ್ಟೆ ತೆಗೆದುಕೊಂಡು ಹಿತ್ತಲ ಬಾಗಿಲಿಗೆ ನಡೆದಳು.

"ಎಲ್ಲಿಗೆ?" ಎಂದರು ಪರಮಶಿವಯ್ಯ.

"ಪಂಕ್ತಿಗೆ."

ಜಯಶೀಲಾ ಒರಳುಕಲ್ಲಿನ ಪಕ್ಕ ಸರಿದು ಜಾಗ ಬಿಟ್ಟಳು. ತಾಯಿ ಮಗಳು ಒಟ್ಟಿಗೆ ಉಂಡರು. ನಾಲ್ಕು ದಿನ ಕಳೆಯುವುದರೊಳಗೆ ಬಸವಲಿಂಗಮ್ಮನೂ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಗೋಡೆ ಹಿಡಿದು ಹೊರಟರು.

"ನೀನೂನಾ ಅವ್ವಾ?"

"ಒಬ್ಬನೇ ಕೂತ್ರೆ ಅದಕ್ಕೆ ಪಂಕ್ತಿ ಅನ್ನಲ್ಲ ಕಣೋ ಪರಮೇಶಿ. ನಿನ್ನ ಅನ್ನ ನೀನು ಉಣ್ಣು" ಎಂದು ಮುದುಕಿ ಹಿಂತಿರುಗಿ ನೋಡದೆ ಹೋದರು.

ನಡುಮನೆಯಲ್ಲಿ ಒಬ್ಬರೇ ಉಂಡು ಉಂಡು ಪರಮಶಿವಯ್ಯನವರು ಸೊರಗಿದರು. ಕೊನೆಗೆ ಒಂದು ಉಪಾಯ ಮಾಡಿಕೊಂಡು ಬಂದರು. ತಮ್ಮ ತಂದೆಯ ವರ್ಷದ ಆರಾಧನೆ ಹತ್ತಿರ ಬಂದಿತ್ತು. ಪ್ರಿನ್ಸಿಪಾಲರನ್ನು ಪ್ರಸಾದಕ್ಕೆ ಕರೆದಿದ್ದರು.

"ಒಪ್ಕೊಂಡಿದಾರೆ ಗೌರಿ. ಕಾಲೇಜಲ್ಲಿ ಬೇಡ, ಮನೇಲೇ ಹಿರಿಯರ ಮುಂದೆ ಕಾಲಿಗೆ ಬಿದ್ದು ಒಂದು ಮಾತು ಅಂದ್ರೆ ಸಾಕು ಅಂದ್ರು. ಮಾರನೇ ದಿನವೇ ಹಾಲ್ ಟಿಕೆಟ್. ಪರೀಕ್ಷೆಗೆ ಇನ್ನು ತಿಂಗಳೂ ಇಲ್ಲ. ನೀನು ಹೇಳಿದ್ರೆ ಅವಳು ಕೇಳ್ತಾಳೆ."

ಗೌರಮ್ಮನಿಗೂ ಆಸೆ ಹುಟ್ಟಿತು. ಹುಟ್ಟದೆ ಇರುತ್ತದೆಯೇ? ಮಾರನೆಯ ದಿನ ಒರಳಿಗೆ ಅಕ್ಕಿ ಹಾಕಿ ರುಬ್ಬುತ್ತಾ ಮಗಳನ್ನು ಕರೆದಳು.

"ನಾಲ್ಕು ಗೋಡೆ ಒಳಗೆ ಕಣೇ ಶೀಲಾ. ಯಾರು ನೋಡ್ತಾರೆ? ಒಂದು ಮಾತು ಅಂದುಬಿಡು. ನಾನು ಉಪವಾಸ ಕೂತದ್ದು ನೀನು ಪಾಸಾಗ್ಲಿ ಅಂತ."

"ಇಲ್ಲಿ ಅಂದಿದ್ದನ್ನ ನಾಳೆ ಅವರು ಹಾಲಲ್ಲಿ ಹೇಳ್ತಾರಮ್ಮ. ಅಷ್ಟಕ್ಕೇ ಬರ್ತಿರೋದು." ಜಯಶೀಲಾ ತಾಯಿಯ ಕೈಯಿಂದ ಗುಂಡುಕಲ್ಲು ತೆಗೆದುಕೊಂಡು ತಾನೇ ತಿರುವತೊಡಗಿದಳು. "ನೀನೇ ಹೇಳು. ನಮ್ಮನೆಗೆ ಊಟಕ್ಕೆ ಕರೆದವರು ಬಾಗಿಲಿಗೆ ಬಂದು ನಿಂತಾಗ, ಇವತ್ತು ಬೇಡ ಹೋಗಿ ಅಂತ ಯಾವತ್ತಾದ್ರೂ ಅಂದಿದೀಯಾ ನೀನು?"

"ನಾನ್ಯಾಕೆ ಅನ್ನಲಿ?"

"ಮತ್ತೆ ನನ್ನ ಯಾಕೆ ತಪ್ಪಾಯ್ತು ಅನ್ನು ಅಂತೀಯ?"

ಗೌರಮ್ಮನಿಗೆ ಉತ್ತರದ ಬದಲು ಒಂದು ಕೆಲಸ ಹೊಳೆಯಿತು. ಮುಂದಿನ ಸಲ ಡಿಪೋಗೆ ಹೋದಾಗ ಬೋರಣ್ಣನ ಮುಂದೆ ನೇರವಾಗಿ ಹೋಗಿ ನಿಂತಳು.

"ಬುಧವಾರ ನಮ್ಮ ಮಾವನವರ ಆರಾಧನೆ. ನೀವು ಪ್ರಸಾದಕ್ಕೆ ಬರಬೇಕು."

"ನಾನಾ ತಾಯಿ?" ಆತ ಅವಳ ಹಣೆಯ ವಿಭೂತಿ ನೋಡಿ ಹಿಂಜರಿದ. "ನಿಮ್ಮಂಥೋರ ಮನೇಲಿ ನಮ್ಮನ್ನೆಲ್ಲ ಕೂರಿಸ್ಕೊಳ್ಳೋಕಾಗುತ್ತಾ?"

"ಕರೆಯೋದು ನನ್ನ ಕೆಲಸ. ಬರೋದು ನಿಮ್ಮ ಕೆಲಸ."

ಇದನ್ನು ಅತ್ತೆಗೆ ಮಾತ್ರ ಹೇಳಿದಳು, ಹೆದರಿಕೊಂಡೇ. ಬಸವಲಿಂಗಮ್ಮ ಹಳೆಯ ಕಾಲದವರು. ಲಿಂಗ ಕಟ್ಟದವರನ್ನು ಆರಾಧನೆಯ ಪಂಕ್ತಿಯಲ್ಲಿ ಕೂರಿಸುವುದೆಂದರೆ ಏನನ್ನುತ್ತಾರೋ. ಮುದುಕಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು:

"ಆ ಪ್ರಿನ್ಸಿಪಾಲನ ಕೊರಳಲ್ಲಿ ಲಿಂಗ ಇದೆಯಾ?"

"ಇಲ್ಲ ಅತ್ತೆ."

"ಕಾರಲ್ಲಿ ಬರೋನಿಗೆ ಇಲ್ಲದ ಭೇದ ಸೈಕಲಲ್ಲಿ ಬರೋನಿಗ್ಯಾಕೆ? ಕರಿ."

ಆ ಬುಧವಾರ ನಡುಮನೆಯಲ್ಲಿ ಬಾಳೆಲೆ ಹಾಸಿದರು. ಉಳಿಸಿಟ್ಟ ಅಕ್ಕಿಯ ಚಿತ್ರಾನ್ನ, ಬೆಲ್ಲದ ಹೋಳಿಗೆ, ಕೋಸಂಬರಿ. ಜಯನಗರದ ತಮ್ಮ ಹೊಸ ಮನೆಯಿಂದ ಪ್ರಿನ್ಸಿಪಾಲರು ಕಾರಿನಲ್ಲಿ ಬಂದಿಳಿದರು. ಜಯದೇವಪ್ಪ ಅವರಿಗೆ ಬಾಗಿಲಲ್ಲೇ ಕೈ ಮುಗಿದು, ಅವರ ಪಕ್ಕದ ಎಲೆಗೆ ತಾವೇ ಹೋಗಿ ಕೂತರು. ಸಾಲಿನ ಇನ್ನೊಂದು ತುದಿಗೆ ಬಸವಲಿಂಗಮ್ಮ ಮೊಮ್ಮಗಳನ್ನು ಕೈ ಹಿಡಿದು ಕೂರಿಸಿಕೊಂಡರು. ಪರಮಶಿವಯ್ಯ ತುಟಿ ಬಿಗಿಹಿಡಿದರು. ಬಂದವರ ಎದುರು ಏನೂ ಅನ್ನುವ ಹಾಗಿರಲಿಲ್ಲ. ಪ್ರಿನ್ಸಿಪಾಲರ ಎಡಕ್ಕೆ ಒಂದು ಎಲೆ ಖಾಲಿ ಇತ್ತು.

"ಇದು ಯಾರಿಗೆ?" ಪರಮಶಿವಯ್ಯ ಕೇಳುವಷ್ಟರಲ್ಲಿ ಹೊರಗೆ ನಲ್ಲಿಯಲ್ಲಿ ಯಾರೋ ಕಾಲು ತೊಳೆಯುವ ಸದ್ದಾಯಿತು. ಬೋರಣ್ಣ ಬಾಗಿಲಲ್ಲಿ ನಿಂತಿದ್ದ, ಒಗೆದ ಅಂಗಿ ಹಾಕಿಕೊಂಡು.

"ಬಾಪ್ಪಾ, ನಿನ್ನ ಎಲೆ ಕಾಯ್ತಿದೆ" ಎಂದರು ಬಸವಲಿಂಗಮ್ಮ.

ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. "ಏನ್ರೀ ಪರಮಶಿವಯ್ಯ ಇದು?"

ಪರಮಶಿವಯ್ಯ ಹೆಂಡತಿಯನ್ನು ನೋಡಿದರು. ಗೌರಮ್ಮ ಆಗಲೇ ಬಡಿಸಲು ಶುರು ಮಾಡಿದ್ದಳು, ಆ ತುದಿಯಿಂದ ಈ ತುದಿಗೆ, ಯಾರಿಗೂ ಒಂದು ಸೌಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಡಿಸಿದ ಎಲೆ ಬಿಟ್ಟು ಏಳುವುದು ಹೇಗೆ? ಪ್ರಿನ್ಸಿಪಾಲರು ಕೂತೇ ಇದ್ದರು. ಬೀಗ ಹಾಕಿ ಹೊರಗಿಟ್ಟ ಮನುಷ್ಯನ ಮೊಣಕೈ ತಮ್ಮ ಮೊಣಕೈಗೆ ತಾಗುತ್ತಿದ್ದರೂ ಕೂತೇ ಇದ್ದರು.

ಎರಡು ತುತ್ತಾದ ಮೇಲೆ ಬಸವಲಿಂಗಮ್ಮ ಮಾತು ತೆಗೆದರು. "ಅಲ್ಲಪ್ಪಾ, ನೀನು ಕಾಲೇಜಲ್ಲಿ ಏನೋ ಮಾತಾಡಬೇಕು ಅಂತಿದ್ದೆಯಂತೆ. ಏನದು ಅಂಥಾದ್ದು? ಈ ಮನೇಲಿ ಜನ ಒಟ್ಟಿಗೆ ಉಂಡು ಎಷ್ಟು ದಿನ ಆಯ್ತು ಅದರಿಂದ."

ಬೋರಣ್ಣ ನಾಚಿಕೊಂಡ. "ಹೇಳೋಕೇನಿದೆ ತಾಯಿ. ಕಾರ್ಡಿಗೆ ಇಷ್ಟು ಅಂತ ಸರ್ಕಾರ ಹೇಳಿದ್ದು ಪೂರ್ತಿ ಸಿಗಬೇಕು. ಓದಿದ ಹುಡುಗರು ವಾರಕ್ಕೊಂದ್ಸಲ ಡಿಪೋ ಹತ್ರ ಬಂದು ನಿಂತ್ರೆ ತೂಕದಲ್ಲಿ ಮೋಸ ಮಾಡೋಕೆ ಹೆದರ್ತಾರೆ. ಬನ್ನಿ, ನಿಂತ್ಕೊಳ್ಳಿ ಅಂತ ಕೇಳೋಕೆ ಹೋಗಿದ್ದೆ."

"ಅಷ್ಟೇನಾ?"

"ಅಷ್ಟೇ."

"ಇಷ್ಟಕ್ಕೇನಪ್ಪಾ ಬೀಗ ಹಾಕಿದ್ದು?" ಮುದುಕಿ ಪ್ರಿನ್ಸಿಪಾಲರನ್ನೇ ಕೇಳಿದರು. ಜಯದೇವಪ್ಪನವರಿಗೆ ಹೋಳಿಗೆ ಗಂಟಲಿಗೆ ಸಿಕ್ಕಿಕೊಂಡಿತು.

"ನೋಡಿ, ಅದು ಶಿಸ್ತಿನ ಪ್ರಶ್ನೆ" ಎಂದರು ಪ್ರಿನ್ಸಿಪಾಲರು. "ನಿಮಗೆ ಅರ್ಥವಾಗುವುದಿಲ್ಲ. ಪರಮಶಿವಯ್ಯ, ನಾನು ಬಂದ ಕೆಲಸ ಬೇರೆ. ಹುಡುಗಿಗೆ ಹೇಳಿ."

ಎಲ್ಲರೂ ಜಯಶೀಲಾಳ ಕಡೆ ನೋಡಿದರು. "ನಾನು ತಪ್ಪು ಮಾಡಿಲ್ಲ ಸಾರ್."

"ಏನ್ರೀ, ನೀವೇ ಹೇಳ್ರಿ. ನನ್ನ ಮಗಳು ಅಂತ ಬಂದು ಹೇಳಿದವರು ನೀವೇ ಅಲ್ವಾ?"

ಪರಮಶಿವಯ್ಯ ಬಾಯಿ ತೆರೆದರು. ಗೌರಮ್ಮನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು; ಅದನ್ನು ನೆಲಕ್ಕಿಟ್ಟಳು.

"ಅವರನ್ನೇನು ಕೇಳ್ತೀರಾ ಸಾರ್? ನನ್ನ ಕೇಳಿ. ಸಭೆಗೆ ಹಾಲ್ ಕೇಳಿದ ಹುಡುಗನ್ನ ಬಿಟ್ರಿ. ಅವನ ಕಡೆಯವರು ನಿಮ್ಮ ಜತೆ ಕಾಫಿ ಕುಡಿಯೋರು. ಇವಳ ಅಪ್ಪ ನಿಮ್ಮ ಮುಂದೆ ಕೈ ಕಟ್ಕೊಂಡು ನಿಲ್ಲೋರು, ಅದಕ್ಕೆ ಇವಳು ಕಾಲಿಗೆ ಬೀಳಬೇಕು. ಇದು ಶಿಸ್ತಾ? ನಾಲ್ಕನೇ ಕ್ಲಾಸು ಓದಿದ ನನಗೂ ಅರ್ಥವಾಗುತ್ತೆ ಇದು ಏನು ಅಂತ."

ಪ್ರಿನ್ಸಿಪಾಲರು ಎದ್ದುಬಿಟ್ಟರು. ಅರ್ಧ ಹೋಳಿಗೆ, ಕೆದಕಿದ ಚಿತ್ರಾನ್ನ, ಎಲ್ಲವನ್ನೂ ಎಲೆಯಲ್ಲೇ ಬಿಟ್ಟು, "ಹಾಲ್ ಟಿಕೆಟ್ ಮರೆತುಬಿಡಿ" ಎಂದು ನಡೆದರು.

ಪರಮಶಿವಯ್ಯನವರು ಅವರ ಹಿಂದೆ ಓಡಲು ಅರ್ಧ ಎದ್ದರು. ಅಷ್ಟರಲ್ಲಿ ಆ ಎಲೆ ಕಣ್ಣಿಗೆ ಬಿತ್ತು. ಅಪ್ಪನ ಆರಾಧನೆಯ ದಿನ, ಅಪ್ಪ ಕೂತು ಉಣ್ಣುತ್ತಿದ್ದ ಜಾಗದಲ್ಲಿ, ಪ್ರಸಾದ ಬಿಟ್ಟು ಎದ್ದ ಎಲೆ. ಆ ಮನೆಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಅವರ ಮುಖ ಕೆಂಪಾಯಿತು. ಮೆಲ್ಲಗೆ ಮತ್ತೆ ಕೂತರು. ಹೊರಗೆ ಕಾರು ಹೊರಟ ಸದ್ದಾದರೂ ತಲೆ ಎತ್ತದೆ, ಒಂದಗುಳು ಬಿಡದೆ ಉಂಡರು. ಕೊನೆಯಲ್ಲಿ ಮುಗಿಸಿದವನು ಬೋರಣ್ಣ. ಅವನು ಮುಗಿಸುವ ತನಕ ಕಾದು ಎಲ್ಲರೂ ಒಟ್ಟಿಗೆ ಎದ್ದರು.

ಹಾಲ್ ಟಿಕೆಟ್ ಬರಲಿಲ್ಲ. ಪರಮಶಿವಯ್ಯನವರನ್ನು ಹೆಡ್ ಕ್ಲಾರ್ಕ್ ಕುರ್ಚಿಯಿಂದ ಎಬ್ಬಿಸಿ ಹಳೆಯ ಕಡತಗಳ ಕೋಣೆಗೆ ಹಾಕಿದರು. ಅದನ್ನು ಅವರು ಮನೆಯಲ್ಲಿ ಹೇಳಲಿಲ್ಲ. ಜಯದೇವಪ್ಪ ಬಂದು ಹೇಳಿಹೋದರು. ಹೆಂಗಸರ ಪಂಕ್ತಿ ಹಿತ್ತಲ ಬಾಗಿಲಲ್ಲೇ ನಡೆಯಿತು. ನಡುಮನೆಯಿಂದ ಅವರನ್ನು ಈಗ ಯಾರೂ ಹೊರಗಿಟ್ಟಿರಲಿಲ್ಲ, ಆದರೆ ಒಳಗೆ ಬನ್ನಿ ಎಂದು ಯಾರೂ ಕರೆಯಲೂ ಇಲ್ಲ. ಅವರಾಗಿ ಬರಲೂ ಇಲ್ಲ.

ಪರೀಕ್ಷೆಯ ಮೊದಲ ದಿನ ಜಯಶೀಲಾ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹೋಗಲು ಎಲ್ಲೂ ಇಲ್ಲದೆ, ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತಳು. ಒಗೆದದ್ದನ್ನೇ ಮತ್ತೆ ಒಗೆದಳು. ರಸ್ತೆಯಲ್ಲಿ ಸೀನು ಹೊಸ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಈ ಮನೆಯ ಕಡೆ ನೋಡದೆ ಬಸ್ಸಿಗೆ ಓಡಿದ. ಗೌರಮ್ಮ ಅದನ್ನು ಕಂಡು ಸೌದೆಯನ್ನು ಒಲೆಗೆ ಎಷ್ಟು ಜೋರಾಗಿ ತುರುಕಿದಳೆಂದರೆ ಮಡಕೆಯ ಬಾಯಿ ಒಡೆಯಿತು.

ಮಧ್ಯಾಹ್ನ ಮೂವರೂ ತಟ್ಟೆಯ ಮುಂದೆ ಕೂತಿದ್ದಾಗ ಬಾಗಿಲು ತೆರೆದ ಸದ್ದು. ಪರಮಶಿವಯ್ಯ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟರು, ಕಾಲು ತೊಳೆದರು, ತಮ್ಮ ತಟ್ಟೆ ತೆಗೆದುಕೊಂಡು ಅಡುಗೆಮನೆ ದಾಟಿ ಬಂದು ನಿಂತರು.

"ಇಲ್ಲಿ ಜಾಗ ಇದೆಯಾ?"

ಗೌರಮ್ಮ ಸೌಟು ಹಿಡಿದು ಎದ್ದಳು. ಇಷ್ಟು ದಿನದ್ದೆಲ್ಲ ಬಾಯಿಗೆ ಬಂತು. "ಇದೆ. ಆದ್ರೆ ಮೊದಲು ತಪ್ಪಾಯ್ತು ಅನ್ನಿ. ಎಲ್ಲರ ಮುಂದೆ. ಅನ್ನೋ ತನಕ ನೀವು ಈ ಪಂಕ್ತಿಲಿ ಕೂರಕೂಡದು."

"ಗೌರಾ!" ಬಸವಲಿಂಗಮ್ಮ ನೆಲಕ್ಕೆ ಕೈ ಬಡಿದರು. "ಅದೇ ಮಾತು ಅವನ ಬಾಯಲ್ಲಿ ಹೊಲಸು, ನಿನ್ನ ಬಾಯಲ್ಲಿ ಚಂದವಾ? ಪಂಕ್ತಿಗೆ ಷರತ್ತು ಹಾಕ್ಬೇಡ. ಹಸಿದು ಬಂದಿದಾನೆ. ಬಡಿಸು."

ಗೌರಮ್ಮನ ಕೈ ಗಾಳಿಯಲ್ಲೇ ನಿಂತಿತು. ಜಯಶೀಲಾ ಒರಳುಕಲ್ಲಿನ ಕಡೆಗೆ ಸರಿದಳು. ಪರಮಶಿವಯ್ಯ ಮಗಳ ಪಕ್ಕ ಕೂತರು. ಗೌರಮ್ಮ ಬಡಿಸಿದಳು, ಎಲ್ಲರಿಗೆ ಬಡಿಸಿದಷ್ಟೇ.

ಅವರು ಉಣ್ಣಲಿಲ್ಲ. ತಟ್ಟೆ ನೋಡುತ್ತಾ ಕೂತು, ಯಾರೂ ಕೇಳದೆ ಹೇಳಿದರು: "ಹೆಸರು ಹೇಳಬಾರದಾಗಿತ್ತು ಮಗಳೇ. ಗೊತ್ತಿಲ್ಲ ಅಂದಿದ್ರೆ ಶಿವ ಏನೂ ಅನ್ಕೋತಿರಲಿಲ್ಲ."

ಹುಡುಗಿ ತಟ್ಟೆಯ ಮೇಲೆ ಬಗ್ಗಿದಳು. ಜನವರಿಯಿಂದ ಅಳದವಳು ಈಗ ಅತ್ತಳು.

"ಸೆಪ್ಟೆಂಬರಿನ ಪರೀಕ್ಷೆಗೆ ಹೊರಗಿನಿಂದ ಕಟ್ಟಬಹುದು" ಎಂದರು ಪರಮಶಿವಯ್ಯ. "ಅದಕ್ಕೆ ಪ್ರಿನ್ಸಿಪಾಲರು ಬೇಕಿಲ್ಲ. ನಾನೇ ಓಡಾಡಿ ಕಟ್ಟಿಸ್ತೀನಿ."

"ತಪ್ಪಾಯ್ತು ಅನ್ನದೆ?"

"ಅನ್ನದೆ."

ಗೌರಮ್ಮನ ಸಿಟ್ಟು ಇಳಿದಿರಲಿಲ್ಲ. ಆ ಹೊತ್ತಿನಲ್ಲಿ ಹಾಲಿನ ಬೀಗ ತೆಗೆದು, ಸೀನುವನ್ನು ಫ್ಯಾನಿನ ಕೆಳಗೆ ಕೂರಿಸಿ ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ, ತನ್ನ ಮಗಳು ಒರಳುಕಲ್ಲಿನ ಪಕ್ಕ ಕೂತಿದ್ದಾಳೆ. ಇದು ಅವಳು ಸಾಯುವ ತನಕ ಇಳಿಯುವ ಸಿಟ್ಟಲ್ಲ. ಆದರೂ ಎಲ್ಲರ ತಟ್ಟೆಯೂ ಅವಳೊಬ್ಬಳಿಗಾಗಿ ಕಾಯುತ್ತಿತ್ತು. ತನ್ನ ತಟ್ಟೆಗೂ ಸಾರು ಹಾಕಿಕೊಂಡು ಸಾಲಿನಲ್ಲಿ ಕೂತು, "ಉಣ್ಣಿ" ಎಂದಳು.